ಅರ್ಧ ಲೋಟ ಚಹಾ

ಮಂಗಳವಾರ ಖೈರುನ್‌ಬಿಯನ್ನು ವಾಪಸು ಕಳಿಸಿದ್ದೆ.
ಇಪ್ಪತ್ನಾಲ್ಕು ತಾಸು ಚಹಾ ಮುಟ್ಟಬಾರದು ಅಂತ
ಚೀಟಿಯಲ್ಲಿ ಬರೆದು, ಬಾಯಲ್ಲೂ ಹೇಳಿ,
ಮೊಮ್ಮಗನಿಂದ ಅಡಿಗೆರೆ ಎಳೆಸಿದ್ದೆ.
'ಅರ್ಧ ಲೋಟ, ಅವ್ವೀ, ಅದೂ ಒಂದು ಚಹಾನಾ?'
ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತೆಂಟು ವರ್ಷ
ಅದರ ಮೇಲೇ ನಿಂತವಳು.

ಇವತ್ತು ಬಂದಿದ್ದಾಳೆ.
ಅಶೋಕ ರಸ್ತೆಯಲ್ಲಿ ರೈಲ್ವೆ ಗೇಟು ಬಿದ್ದು ತಡವಾಗಿ,
ಚಹಾ ಇಲ್ಲದ ತಲೆನೋವು ಹೊತ್ತು,
ನನ್ನ ಮೇಲೆ ಸಿಟ್ಟು ಹೊತ್ತು.

ಓಡುವ ಪಟ್ಟಿ ಹತ್ತಲು ಮಂಡಿಗಳಿಲ್ಲ,
ಬಿಸಿ ಉಸುಕಿನ ಬಾಣಲೆ ಮುಂದೆ ಸವೆದುಹೋದವು.
ಅದಕ್ಕೇ ಈ ಔಷಧ:
ಮಲಗಿದವಳ ಒಳಗೆ
ರಕ್ತವೊಂದನ್ನೇ ಓಡಿಸುವಂಥದ್ದು.
ಡಾಕ್ಟರು ಬೆನ್ನಿಗೆ ಕೊಳವೆಯಿಟ್ಟು ಆಲಿಸಿದರು.
ಸಿಳ್ಳೆಯಿಲ್ಲ.
ಅಷ್ಟು ಟೈರಿನ ಹೊಗೆ ಕುಡಿದ ಎದೆಯಲ್ಲಿ ಸಿಳ್ಳೆಯಿಲ್ಲವೆ?
ನಂಬದೆ ಇನ್ನೊಮ್ಮೆ ಆಲಿಸಿದರು.

ಒಪ್ಪಿಗೆ ಪತ್ರ ಓದುವುದು ನನ್ನ ಕೆಲಸ.
ಮುಖ ಕೆಂಪೇರಬಹುದು, ಎದೆ ಬಿಗಿಯಬಹುದು,
ಉಸಿರು ಸಾಲದೆನಿಸಬಹುದು, ದವಡೆ ನೋಯಬಹುದು,
ವಾಕರಿಕೆ, ತಲೆಸುತ್ತು, ಅಪರೂಪಕ್ಕೆ...
ಅಪರೂಪಕ್ಕೆ ಎಂಬಲ್ಲಿಂದ ನಾನು ಯಾವಾಗಲೂ ಬೇಗ ಬೇಗ ಓದುತ್ತೇನೆ.
ಕೊನೇ ಸಾಲು: 'ಕೇಡು ಸನ್ನಿಹಿತವೆಂಬ ಭಾವ.'
ಯಾರು ಕನ್ನಡ ಮಾಡಿದರೋ,
ಪಂಚಾಂಗದಿಂದ ಹರಿದು ತಂದಂತಿದೆ.
'ಇಷ್ಟೆಲ್ಲ ಆಗೋದಾದ್ರೆ ಇದು ಪರೀಕ್ಷೆನೋ ರೋಗನೋ?'
ಅಂದಳು. ಸಹಿ ಹಾಕಿದಳು,
ಒಂದೊಂದು ಅಕ್ಷರಕ್ಕೂ ಒಮ್ಮೆ ಪೆನ್ನು ಎತ್ತಿ.

ಪಂಪು ಶುರುವಾಯಿತು.
ಕುತ್ತಿಗೆಯಿಂದ ಕಿವಿಯವರೆಗೆ ಕೆಂಪು ಹತ್ತಿತು.
'ಭಟ್ಟಿ ಬಾಗಿಲು ತೆಗೆದಂಗಾತು.'
ಆಮೇಲೆ ಎದೆಯ ಮೇಲೆ ಚೀಲ.
'ಮಂಡಕ್ಕಿ ಚೀಲ ಅಲ್ಲ ಅವ್ವೀ, ಭತ್ತದ್ದು.'
ಎರಡನೇ ನಿಮಿಷಕ್ಕೆ ಇನ್ನೊಂದು ಸೂಜಿ,
ಕ್ಯಾಮೆರಾಕ್ಕೆ ಕಾಣುವ ದ್ರವ.
ಪರದೆಯ ಮೇಲೆ ಒಂದು ಬಡಿತ ತಪ್ಪಿತು.
ಇನ್ನೊಂದು.
ಹಸಿರು ಗೆರೆ ಸ್ವಲ್ಪ ದೂರ
ಬರಿಗೈಯಲ್ಲಿ ನಡೆದು ಹೋಗಿ
ಮತ್ತೆ ಎದ್ದಿತು. ಪಂಪಿನ ಕಡೆ ಚಾಚಿದ ಡಾಕ್ಟರ ಕೈ
ಗಾಳಿಯಲ್ಲೇ ನಿಂತಿತ್ತು.

ಅವಳೀಗ ಮಾತಾಡುತ್ತಿರಲಿಲ್ಲ.
ನನ್ನ ಮಣಿಕಟ್ಟು ಹಿಡಿದಿದ್ದಳು,
ಒಂದು ಬೆರಳಿಗೆ ಉಗುರಿರಲಿಲ್ಲ.
'ಯಾರು ಹೋದ್ರು?'
ಯಾರೂ ಹೋಗಿಲ್ಲ ಅಂದೆ.
'ಯಾರೋ ಹೋಗ್ಯಾರ.
ಮನೀಗೆ ಸುದ್ದಿ ಮುಟ್ಟೋಕೆ ಮುಂಚೆ
ಹೊಟ್ಟೆಗೆ ಗೊತ್ತಾಗ್ತೈತಲ್ಲ, ಹಂಗೆ.'
ಅದು ಔಷಧ, ಔಷಧವೇ ಹಾಗನ್ನಿಸುವುದು ಅಂದೆ.
'ಹೌದಾ' ಅಂದಳು,
ಅಂಗಡಿಯವ ತೂಕ ಸರಿಯಿದೆ ಅಂದಾಗ ಅನ್ನುವ ಹಾಗೆ.

ಪಂಪು ನಿಂತಿತು. ನಲವತ್ತು ಎಣಿಸುವುದರೊಳಗೆ
ಚೀಲ ಇಳಿಯಿತು, ಬಾಗಿಲು ಮುಚ್ಚಿತು,
ಕಿವಿ ಮತ್ತೆ ಕಿವಿಯ ಬಣ್ಣಕ್ಕೆ ಬಂತು.
'ನಾಲ್ಕೇ ನಿಮಿಷನಾ? ಅಷ್ಟರಾಗೆ ನಾನು
ಎಂಟು ಬಾಣಲೆ ತೆಗೀತಿದ್ದೆ.'

ಮೊಮ್ಮಗ ಚಹಾ ತಂದ. ಈಗ ಕುಡಿಯಬಹುದು,
ಈ ಔಷಧವನ್ನು ಇಳಿಸುವುದು ಅದೇ,
ನಿನ್ನೆ ಬೇಡ ಅಂದದ್ದೂ ಅದಕ್ಕೇ ಅಂತ ತಿಳಿಸಿ ಹೇಳಿದೆ.
ಊದಿ ಊದಿ ಕುಡಿದಳು.
'ಹಂಗಾದ್ರೆ ಮಂಗಳವಾರ ನಾನು ಹುಷಾರಾಗೇ ಬಂದಿದ್ದೆ.'

ಪಟ್ಟಿಯಲ್ಲಿ ತುಂಬಿದೆ: ಮುಖ ಕೆಂಪು, ಎದೆ ಭಾರ,
ತಪ್ಪಿದ ಬಡಿತ ಎರಡು, ತಾನಾಗಿ ಸರಿಹೋಯಿತು.
'ಯಾರು ಹೋದ್ರು' ಅನ್ನುವುದಕ್ಕೆ
ಮನೆ ಇರಲಿಲ್ಲ ಅದರಲ್ಲಿ.

ಕಾರಿಡಾರಿಗೆ ಬಂದು
ಹರಿಹರಕ್ಕೆ, ಅಕ್ಕನಿಗೆ, ಫೋನು ಹಚ್ಚಿದೆ.
'ಏನಾತೇ?' ಅಂದಳು.
ಏನಿಲ್ಲ, ಊಟ ಆತಾ ಅಂದೆ.
'ಈಗಿನ್ನೂ ಹನ್ನೊಂದು ಗಂಟೆ' ಅಂದಳು.